ಮೇಣದ ಬಿಲ್ಲೆ, ಕ್ಷಮೆಯ ಕಾರ್ಡು

ಬೆಳಗಿನ ಐದೂವರೆ. ಗೋಕಾಕದ ಪೇಟೆಯ ಹಿಂದಿನ ಓಣಿಯಲ್ಲಿ ಹಾಲಿನವರ ಸೈಕಲ್ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ಓಣಿಯ ಕೊನೆಗೆ ಎರಡು ಕೋಣೆಯ ಒಂದು ಪೆಥಾಲಜಿ ಲ್ಯಾಬ್. ಒಳಗೆ ತಾತ್ಯಾಸಾಹೇಬ ಫ್ಯಾನು ಹಚ್ಚದೆ, ಕಿಟಕಿ ತೆರೆಯದೆ, ಉಸಿರು ಬಿಗಿಹಿಡಿದು ಕೂತಿದ್ದಾರೆ. ಎದುರಿಗೆ ಕಬ್ಬಿಣದ ಕೊಯ್ಯುವ ಯಂತ್ರ. ಅದರ ಹಿಡಿಯಲ್ಲಿ ಸಿಕ್ಕಿಸಿರುವುದು ಸವೆದ ಸಾಬೂನಿನ ಚೂರಿನಷ್ಟು ಮೇಣದ ಬಿಲ್ಲೆ. ಬಿಲ್ಲೆಯ ನಡುವೆ ಬೂದಿಬಣ್ಣದ ಒಂದು ಎಳೆ ಕಾಣುತ್ತದೆ. ಮೂಡಲಗಿಯ ಕಡೆಯ ಯಾರದೋ ಎದೆಯೊಳಗೆ ಸೂಜಿ ಹಾಕಿ ತೆಗೆದ ಮಾಂಸದ ಎಳೆ ಅದು.

ಬಿಲ್ಲೆಯ ಮೇಲೆ ಬರ್ಫದ ತುಂಡೊಂದನ್ನು ಒತ್ತಿ ತೆಗೆದು, ಬಲಗೈಯಿಂದ ಚಕ್ರ ತಿರುಗಿಸುತ್ತಾರೆ. ಒಂದು ಸುತ್ತಿಗೆ ಒಂದು ಪದರ. ಒಂದು ಕೂದಲನ್ನು ಉದ್ದಕ್ಕೆ ಹದಿನೈದು ಭಾಗ ಸೀಳಿದರೆ ಎಷ್ಟು ತೆಳ್ಳಗಾದೀತೋ ಅಷ್ಟು ತೆಳ್ಳಗಿನ ಪದರ. ಒಂದರ ಬಾಲಕ್ಕೊಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಹೊರಗೆ ಬರುತ್ತವೆ. ಆ ರಿಬ್ಬನ್ನನ್ನು ಕುಂಚದ ತುದಿಯಿಂದ ಎತ್ತಿ ಉಗುರುಬೆಚ್ಚಗಿನ ನೀರಿನ ಮೇಲೆ ತೇಲಿಬಿಡುತ್ತಾರೆ. ಸುಕ್ಕು ತಾನಾಗಿ ಬಿಚ್ಚುತ್ತದೆ. ಕೆಳಗಿನಿಂದ ಗಾಜಿನ ಪಟ್ಟಿ ತೂರಿಸಿ ಎತ್ತಿದಾಗಲೇ ಅವರು ಉಸಿರು ಬಿಡುವುದು.

"ಮಾರ್ಚನ್ಯಾಗ ಏಳರ ಮ್ಯಾಲ ಮೇಣ ಮೆತ್ತಗಾಗತೈತ್ರಿ ಅವ್ವಾರ. ಮೆತ್ತಗಾದರ ಪದರ ಹರೀತೈತಿ. ಹರಕ ಪದರ ನೋಡಿ ಸಾಹೇಬ್ರು ಏನಂತ ಬರೀತಾರ? ಅದಕ್ಕ ಸೂರ್ಯಾನಕಿಂತ ಮೊದಲ ನಾ ಏಳಬೇಕು." ಅವರ ಕೆಲಸದ ಬಗ್ಗೆ ಬರೆಯಲೆಂದು ಬಂದು ಪಕ್ಕದ ಸ್ಟೂಲಿನ ಮೇಲೆ ಕೂತ ನನಗೆ ಹೇಳುವ ಮಾತಿದು.

ನೀರಿನ ಬೋಗುಣಿಯ ಪಕ್ಕ ಎರಡು ಮಡಿಕೆಯ ಬಿಳಿ ಬಟ್ಟೆಯೊಂದು ಒಣಗುತ್ತಿದೆ. ಕುಡಿಯುವ ನೀರನ್ನು ಸೋಸುವ ಹಾಗೆಯೇ ಲ್ಯಾಬಿನ ನೀರನ್ನೂ ಅವರು ಸೋಸಿಯೇ ಬಳಸುತ್ತಾರೆ. ಬಟ್ಟೆಯ ಮೇಲೆ ಉಳಿದದ್ದನ್ನು ಮತ್ತೆ ಹಿತ್ತಲ ಬಾವಿಗೇ ಬಿಟ್ಟು ಬರುತ್ತಾರೆ. ಅದರೊಳಗೆ ಇರಬಹುದಾದ ಜೀವ ತನ್ನ ಜಾಗಕ್ಕೆ ತಿರುಗಿ ಹೋಗಲಿ ಎಂದು.

ಇನ್ನು ಹನ್ನೆರಡು ದಿನಕ್ಕೆ ಈ ಲ್ಯಾಬ್ ಬಾಗಿಲು ಹಾಕುತ್ತದೆ. ಒಡೆಯರಾದ ಡಾಕ್ಟರ್ ಮಾಲಿಂಗಪ್ಪನವರಿಗೆ ಅರವತ್ತೊಂಬತ್ತು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನಲವತ್ತು ವರ್ಷ ಬಾಳಿದವರಿಗೆ ಈಗ ಎರಡೂ ಕಣ್ಣಿಗೆ ಪೊರೆ ಬಂದಿದೆ. ಹಿಂದಿನ ಕೋಣೆಯ ಗೋಡೆಯುದ್ದಕ್ಕೂ ನಿಂತ ಕಟ್ಟಿಗೆಯ ಕಪಾಟಿನಲ್ಲಿ ಇಪ್ಪತ್ತೆರಡು ವರ್ಷದ ಬ್ಲಾಕ್‌ಗಳಿವೆ. ಮೇಣದ ಬಿಲ್ಲೆಗಳನ್ನು ಇಲ್ಲಿ ಕರೆಯುವುದು ಹಾಗೆಯೇ. ಮೂವತ್ತೊಂದನೇ ತಾರೀಖಿಗೆ ಅವನ್ನೆಲ್ಲ ಸುಟ್ಟುಬಿಡಬೇಕು. ಹತ್ತು ವರ್ಷ ಇಟ್ಟರೆ ಸಾಕು ಎನ್ನುವುದು ವಾಡಿಕೆ. ತಾತ್ಯಾಸಾಹೇಬ ಒಂದನ್ನೂ ಎಸೆದಿಲ್ಲ.

"ಎಷ್ಟಿರಬಹುದು?" ಎಂದು ಕೇಳಿದರೆ ರಿಜಿಸ್ಟರ್ ನೋಡದೆಯೇ ಹೇಳುತ್ತಾರೆ. "ಮೂವತ್ತೆಂಟ ಸಾವಿರದ ಇನ್ನೂರಾ ಆರು. ದಿನಾ ಐದು, ಆರು. ಅದರಾಗ ಪುಪ್ಪಸದ್ದು ನೂರಾ ಹದಿನಾಕ."

ಶ್ವಾಸಕೋಶದ ಆ ನೂರಾ ಹದಿನಾಲ್ಕು ಬ್ಲಾಕ್‌ಗಳ ಮಾತೇ ಈಗ ನಡೆದಿರುವುದು.

*

ತಾತ್ಯಾಸಾಹೇಬರ ಊರು ಹುಕ್ಕೇರಿ ತಾಲೂಕಿನಲ್ಲಿ, ನಿಡಸೋಸಿಯಿಂದ ಎರಡು ಹರದಾರಿ. ಜೈನ ಒಕ್ಕಲುಮನೆ. ಮನೆಯಲ್ಲಿ ಮರಾಠಿ, ಹೊಲದಲ್ಲಿ ಕನ್ನಡ. ಹತ್ತನೆಯ ಇಯತ್ತೆಯಲ್ಲಿ ಗಣಿತ ಕೈಕೊಟ್ಟಿತು. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಈ ಲ್ಯಾಬಿಗೆ ಬಂದರು. ಬಾಟಲಿಯಲ್ಲಿ ಏನಿರುತ್ತದೆ ಎಂದು ಮೊದಲ ತಿಂಗಳು ಅವರಿಗೂ ಪೂರ್ತಿ ತಿಳಿದಿರಲಿಲ್ಲವಂತೆ. ಡಾಕ್ಟರು ಕೊಯ್ಯುವುದನ್ನೂ ಕಲಿಸತೊಡಗಿದಾಗ ತಿಳಿಯಿತು. ಆ ದಿನವೇ ಊರಿಗೆ ಹೋಗಿ ತಾಯಿ ಕಮಲವ್ವನಿಗೆ ಹೇಳಿದರು.

"ಉಳ್ಳಾಗಡ್ಡಿ ಸೈತ ಹೆಚ್ಚದ ಮನಿ ನಮ್ಮದು. ಮಗ ಮನಷ್ಯಾರ ಮಾಂಸ ಕೊಯ್ಯಾಕತ್ತಾನ ಅಂದರ ಆಕಿಗೆ ಹ್ಯಾಂಗಾಗಿರಬ್ಯಾಡ? ಎಂಟ ದಿನ ನನ್ನ ಕೂಡ ಮಾತಾಡಲಿಲ್ಲ. ನಾ ಮುಟ್ಟಿದ ತಂಬಿಗಿ ಬೆಂಕಿಗೆ ಹಿಡದ ಬೆಳಗತಿದ್ದಳು. ಒಂಬತ್ತನೇ ದಿನ ಕರದು ಎರಡ ಮಾತ ಹೇಳಿದಳು. 'ಕೆಲಸ ಬಿಡು ಅನ್ನೂದಿಲ್ಲ. ಯಾರದರ ಜಡ್ಡ ತಿಳಿಯಾಕ ಅದು ಬೇಕು. ಆದರ ಕೊಯ್ದದ್ದನ್ನ ತೆರದ ಇಡಬ್ಯಾಡ, ಇರಬಿ ಬಂದು ಸಾಯತಾವ. ಮತ್ತ ಯಾರದು ಕೊಯ್ದಿ, ಅವರ ಕಡೆ ವರ್ಷಕ್ಕೊಮ್ಮೆ ಕ್ಷಮಾ ಕೇಳು.' ಅಷ್ಟ."

ಅಷ್ಟೇ ಮಾತನ್ನು ಅವರು ಇಪ್ಪತ್ತೆರಡು ವರ್ಷ ನಡೆಸಿಕೊಂಡು ಬಂದಿದ್ದಾರೆ.

ಪದರ ಕೊಯ್ದ ಮೇಲೆ ಬ್ಲಾಕಿನ ಮುಖ ತೆರೆದಿರುತ್ತದೆ. ಮೇಣದ ನಡುವೆ ಆ ತುಣುಕು ಗಾಳಿಗೆ ಮೈಕೊಟ್ಟು ಕೂತಿರುತ್ತದೆ. ಎಷ್ಟೋ ಕಡೆ ಹಾಗೆಯೇ ಡಬ್ಬಿಗೆ ಹಾಕಿಡುತ್ತಾರೆ, ಅದರಿಂದ ವೈದ್ಯರ ಕೆಲಸಕ್ಕೇನೂ ಅಡ್ಡಿಯಿಲ್ಲ. ತಾತ್ಯಾಸಾಹೇಬ ಹಾಗಿಡುವುದಿಲ್ಲ. ಕರಗಿದ ಮೇಣದ ಪಾತ್ರೆಯಲ್ಲಿ ಬ್ಲಾಕಿನ ಮುಖವನ್ನು ಒಂದು ಸಲ ಅದ್ದಿ, ಎತ್ತಿ, ಊದಿ, ತಣಿಸಿ, ಪೆನ್ಸಿಲಿನಲ್ಲಿ ನಂಬರು ಬರೆದ ಚೀಟಿಯೊಡನೆ ಡ್ರಾಯರಿಗೆ ಇಡುತ್ತಾರೆ. ಪೆನ್ಸಿಲೇ ಆಗಬೇಕು, ಶಾಯಿ ಸ್ಪಿರಿಟಿನಲ್ಲಿ ಅಳಿಸಿಹೋಗುತ್ತದೆ. ಒಂದು ಬ್ಲಾಕಿಗೆ ಎರಡು ನಿಮಿಷ ಹೆಚ್ಚು. ಡಾಕ್ಟರು ಮೊದಮೊದಲು ಬೈದದ್ದುಂಟು. "ಏ ತಾತ್ಯಾ, ಸತ್ತ ತುಣುಕಿಗೆ ಯಾಕೋ ಕೌದಿ ಹೊಚ್ಚತಿ?"

"ಇರಬಿ ಬರತಾವ ಸಾಹೇಬ್ರ."

"ಬರಲಿ ಬಿಡೋ."

"ಬಂದು ಮೇಣದಾಗ ಸಿಕ್ಕ ಸಾಯತಾವ್ರಿ."

ಇರುವೆಯ ಈ ಮಾತು ಕೇಳಿದ ಮೇಲೆ ಡಾಕ್ಟರು ಮೇಣ ಖರ್ಚಾಗುತ್ತದೆ ಎಂದು ಮತ್ತೆ ಅನ್ನಲಿಲ್ಲ.

*

ಎರಡನೆಯ ಮಾತು ಕ್ಷಮೆಯದು. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರು ಒಬ್ಬರನ್ನೊಬ್ಬರು ಕಂಡು ಕೈಮುಗಿದು ಕ್ಷಮೆ ಕೇಳುತ್ತಾರೆ. ದೂರದವರಿಗೆ ಕಾರ್ಡು ಬರೆಯುತ್ತಾರೆ. ತಾತ್ಯಾಸಾಹೇಬ ತಮ್ಮ ಬಳಗದವರಿಗೆ ಬರೆದಾದ ಮೇಲೆ ರಿಜಿಸ್ಟರ್ ತೆಗೆದು ಕೂರುತ್ತಿದ್ದರು. ಎಲ್ಲರಿಗೂ ಬರೆಯುವುದು ಆಗದ ಮಾತು. ಯಾರ ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದು ಬಂದಿತ್ತೋ ಅವರಿಗೆ ಮಾತ್ರ. ಅದೂ ಜವಾಬಿ ಕಾರ್ಡು: ಜೋಡಿಸಿದ ಎರಡು ಕಾರ್ಡಿನಲ್ಲಿ ಒಂದು ನಮ್ಮ ಮಾತಿಗೆ, ಇನ್ನೊಂದು ಅವರ ಉತ್ತರಕ್ಕೆ. ಒಕ್ಕಣೆ ಯಾವಾಗಲೂ ಒಂದೇ. 'ತಿಳಿದೋ ತಿಳಿಯದೆಯೋ ನನ್ನಿಂದ ತಮ್ಮ ಶರೀರಕ್ಕೆ, ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಬೇಕು. ತಮ್ಮ ಯೋಗಕ್ಷೇಮ ಬರೆಯಬೇಕು.' ಕೆಳಗೆ ಹೆಸರು, ಲ್ಯಾಬಿನ ವಿಳಾಸ. ಜಡ್ಡಿನ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ.

ಅದೇ ಒಕ್ಕಣೆ ತೊಂಬತ್ತೆಂಟರಲ್ಲಿ ಕೌಜಲಗಿಯ ಪರಪ್ಪನವರ ಕೈಗೆ ಹೋಯಿತು.

ಪರಪ್ಪ ಕಿರಾಣಿ ಅಂಗಡಿಯವರು. ಐವತ್ಮೂರು ವರ್ಷ. ಎದೆಯಲ್ಲಿ ಗಡ್ಡೆ ಇದೆ ಎಂದು ಹೆಂಡತಿ ಶಿವವ್ವನಿಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಟೀಬಿ, ಗುಳಿಗೆ ತಗೊಂಡರೆ ಹೋಗುತ್ತದೆ ಎಂದು ಶಿವವ್ವನೇ ಹೇಳಿಸಿದ್ದರು. ಪೋಸ್ಟಮನ್ ಕಾರ್ಡನ್ನು ತಂದು ಅಂಗಡಿಯ ಗಲ್ಲೆಯ ಮೇಲೆ ಇಟ್ಟ. ಮೂರನೇ ದಿನ ಪರಪ್ಪ ಬಸ್ಸು ಹತ್ತಿ ಗೋಕಾಕಕ್ಕೆ ಬಂದು ಇದೇ ಲ್ಯಾಬಿನ ಬೆಂಚಿನ ಮೇಲೆ ಕೂತರು.

"ನಾ ಸೀಸೆ ತೊಳಿಯಾಕತ್ತಿದ್ದೆ," ಎನ್ನುತ್ತಾರೆ ತಾತ್ಯಾಸಾಹೇಬ. "ಬಂದವರ ಭಾಳ ಸಮಾಧಾನದಿಂದ ಕೇಳಿದರು. 'ನಮ್ಮ ಬಾಜೂ ಮನಿ ಅಲ್ಲಪ್ಪನ ಪಿತ್ತಕೋಶದ ತುಣುಕೂ ನಿಮ್ಮಲ್ಲೇ ಬಂದಿತ್ತು. ಅವಗ ಕಾರ್ಡ ಬರಲಿಲ್ಲ. ನನಗ ಯಾಕ ಬಂತ್ರಿ?' ಅಂದರು. ವ್ಯಾಪಾರಸ್ಥರು ನೋಡ್ರಿ, ಲೆಕ್ಕ ಸರಿಯಾಗಿ ಹಾಕ್ಯಾರ. ನನಗ ಸುಳ್ಳ ಹೇಳಾಕ ಬರಲಿಲ್ಲ. ಖರೇನೂ ಹೇಳಲಿಲ್ಲ. ಒಂದ ತಂಬಿಗಿ ನೀರ ಕೊಟ್ಟೆ. ಅವರು ನೀರ ಕುಡದು, ನನ್ನ ಮಾರಿ ನೋಡಿ, 'ತಿಳೀತ ಬಿಡ್ರಿ' ಅಂತ ಎದ್ದ ಹೋದರು."

ವಾರದೊಳಗೆ ಶಿವವ್ವ ಲ್ಯಾಬಿನ ಬಾಗಿಲಿಗೆ ಬಂದು, ಓಣಿಯ ಮಂದಿ ಸೇರುವಂತೆ ಬೈದು ಹೋದರು. ಡಾಕ್ಟರು ಅಂದೇ ಕಾರ್ಡು ಬಂದ್ ಎಂದರು. ದೀಪಾವಳಿಯ ಹೊತ್ತಿಗೆ ಪರಪ್ಪನವರ ಕುತ್ತಿಗೆಯಲ್ಲಿ ಗಂಟೆದ್ದು, ಅದರ ತುಣುಕೂ ಇಲ್ಲಿಗೇ ಬಂತು. ತೊಂಬತ್ತೊಂಬತ್ತರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು.

*

ಭಕ್ತಿ ಈ ಲ್ಯಾಬಿನ ಬಾಗಿಲಿಗೆ ಬಂದದ್ದು ಹೋದ ದೀಪಾವಳಿ ಮುಗಿದ ಮೇಲೆ. ಬೆಳಗಾವಿಯ ಒಂದು ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿರುವ ಹುಡುಗಿ, ಇಪ್ಪತ್ತೇಳು ವರ್ಷ. ಶ್ವಾಸಕೋಶದ ಕ್ಯಾನ್ಸರು ಹೇಗೆ ಬೆಳೆಯುತ್ತದೆ, ಹೇಗೆ ಹಬ್ಬುತ್ತದೆ ಎನ್ನುವುದು ಅವಳ ವಿಷಯ. ಅದರಲ್ಲೂ ಮೈಕ್ರೋ ಆರ್‌ಎನ್‌ಎ ಎಂಬ ಅತಿಸಣ್ಣ ವಸ್ತುಗಳ ಕೈವಾಡ. ಅವಳು ಅದನ್ನು ನನಗೆ ಮೂರು ಸಲ ಹೇಳಿದಳು. ಮೂರನೆಯ ಸಲ ತಾತ್ಯಾಸಾಹೇಬರೂ ಬ್ಲಾಕು ಅದ್ದುವುದನ್ನು ನಿಲ್ಲಿಸಿ ಕೇಳಿದರು.

"ಕಾಕಾ, ಘಟಪ್ರಭಾ ಕಾಲಿವಿ ನೀರು ಹೊಲಕ್ಕ ಬರತೈತಲ್ಲ, ಅದನ್ನ ಬಿಡೂದು ಕಟ್ಟೂದು ಯಾತರಿಂದ?"

"ಒಂದ ಸಲಿಕಿ ಮಣ್ಣಿನಿಂದ."

"ಹಂಗ ಇದು. ಮೈಯಾಗಿನ ಜೀವಕೋಶಕ್ಕ 'ಬೆಳಿ' ಅಂತ ಹೇಳೂ ದೊಡ್ಡ ಕಾಲಿವಿ ಒಂದೈತಿ ಅನ್ರಿ. 'ಸಾಕು' ಅಂತ ಕಟ್ಟೂ ಸಲಿಕಿ ಮಣ್ಣ ಈ ಮೈಕ್ರೋ ಆರ್‌ಎನ್‌ಎ. ಅದು ಕಡಿಮಿ ಆತಂದರ ನೀರ ಒಡ್ಡ ಒಡೀತೈತಿ, ಗಡ್ಡಿ ಬೆಳೀತೈತಿ. ಇನ್ನೊಂದ ಜಾತಿದ ಐತಿ, ಅದು ಹೆಚ್ಚಾದರ ಕಟ್ಟಬೇಕಾದದ್ದನ್ನೆಲ್ಲ ಬಿಡಿಸಿಬಿಡತೈತಿ. ಜೀವಕೋಶ ತನ್ನ ಜಾಗಾ ಬಿಟ್ಟು ರಕ್ತದಾಗ ಹೊಂಟು ಎಲಬು, ತಲಿ, ಕುತಗಿ, ಎಲ್ಲಿ ಬೇಕಲ್ಲಿ ಮನಿ ಮಾಡತೈತಿ. ಯಾವದು ಕಡಿಮಿ ಆತು, ಯಾವದು ಹೆಚ್ಚಾತು, ಅದನ್ನ ನಾವ ಹುಡುಕಬೇಕು."

ತಾತ್ಯಾಸಾಹೇಬ ಕೈಯಲ್ಲಿದ್ದ ಬ್ಲಾಕನ್ನು ಕೆಳಗಿಟ್ಟರು. "ಅಂದರ ಅವೂ ನಮ್ಮಂಗ ಅಟೆಂಡರ್ ಏನವಾ? ಇದ್ದಾಗ ಯಾರಿಗೂ ಕಾಣೂದಿಲ್ಲ, ಒಂದಿನ ರಜಾ ಹಾಕಿದರ ಎಲ್ಲಾ ಅಸ್ತವ್ಯಸ್ತ."

ಒಳಗಿನ ಕೋಣೆಯಿಂದ ಡಾಕ್ಟರು, "ಇಪ್ಪತ್ತೆರಡ ವರ್ಷದಾಗ ನೀ ರಜಾ ಯಾವಾಗ ಹಾಕೀಯೋ?" ಎಂದು ಕೂಗಿದರು.

ಹಳೆಯ ಬ್ಲಾಕುಗಳು ಅವಳಿಗೆ ಬೇಕಾದದ್ದಕ್ಕೆ ಕಾರಣವಿದೆ. ಯಾರ ಕಾಯಿಲೆ ಮುಂದೆ ಏನಾಯಿತು ಎನ್ನುವುದು ಗೊತ್ತಿರುವುದು ಹಳೆಯವರದ್ದೇ. ಆದರೆ ಇಷ್ಟು ವರ್ಷದ ಮೇಲೆ ಆ ತುಣುಕಿನಲ್ಲಿ ಓದಲು ಏನಾದರೂ ಉಳಿದಿರುತ್ತದೆಯೇ? ದೊಡ್ಡ ಆರ್‌ಎನ್‌ಎಗಳು ತುಣುಕು ಕೆಡದಿರಲೆಂದು ಮೊದಲು ಅದ್ದಿಡುವ ಫಾರ್ಮಲಿನ್ನಿನಲ್ಲಿಯೇ ಚೂರಾಗುತ್ತವೆಯಂತೆ. "ದೊಡ್ಡ ಮಡಕಿ ಬಿದ್ದರ ಒಡೀತೈತಿ, ಸಾಸಿವಿ ಕಾಳಿಗೆ ಏನಾಗತೈತಿ?" ಎನ್ನುತ್ತಾಳೆ ಭಕ್ತಿ. ಸಣ್ಣವು ಉಳಿಯುವ ಸಂಭವ ಹೆಚ್ಚು. ಆದರೂ ಗಾಳಿ, ಬಿಸಿಲಿಗೆ ಸಾಸಿವೆಯೂ ಕೆಟ್ಟು ಹೋಗಬಹುದು. ಅವಳ ಗುರುಗಳು ಹೇಳಿದ್ದು ಇಷ್ಟು: ಐದು ಬ್ಲಾಕು ತಂದು ನೋಡು, ಓದಲು ಬಂದರೆ ಉಳಿದವನ್ನು ತರೋಣ, ಇಲ್ಲದಿದ್ದರೆ ಬಿಟ್ಟುಬಿಡು.

ಹೆಸರು ಮರೆಸಿ, ನಂಬರಷ್ಟೇ ಇಟ್ಟು, ಐದು ಬ್ಲಾಕು ಬೆಳಗಾವಿಗೆ ಹೋದವು. ಬೇರೊಂದು ಊರಿನಿಂದ ತಂದ ಅಷ್ಟೇ ಹಳೆಯ ಐದು ಬ್ಲಾಕುಗಳೂ ಜೊತೆಗಿದ್ದವು. ಆ ಐದರಲ್ಲಿ ಓದಲು ಬಂದದ್ದು ಒಂದು. ಗೋಕಾಕದ ಐದರಲ್ಲಿ ಐದೂ ಬಂದವು. ಭಕ್ತಿ ಮಾರನೆಯ ದಿನವೇ ಬಸ್ಸು ಹಿಡಿದು ಬಂದು, ಒಂದು ಬ್ಲಾಕನ್ನು ಬೆಳಕಿಗೆ ಹಿಡಿದು ಕೇಳಿದಳು. "ಕಾಕಾ, ಇದರ ಮಾರಿಗೆ ಮತ್ತ ಮೇಣ ಹೊಚ್ಚಿದವರು ಯಾರು? ಯಾಕ?"

"ಯಾಕಂದರ ಇರಬಿ," ಎಂದರು ಇವರು.

ಅದಾದ ಮೇಲೆ ಅವಳು ಡಾಕ್ಟರನ್ನು ಕೇಳಿದಳು: ಈ ನೂರಾ ಹದಿನಾಲ್ಕು ಮಂದಿ ಎಷ್ಟು ದಿನ ಬದುಕಿದರು, ಕಾಯಿಲೆ ಎಲ್ಲಿಗೆ ಹಬ್ಬಿತು, ದಾಖಲೆ ಇದೆಯೇ? ಡಾಕ್ಟರು ಕೈಚೆಲ್ಲಿದರು. ರಿಪೋರ್ಟು ಕೊಟ್ಟ ಮೇಲೆ ಲ್ಯಾಬಿಗೆ ಯಾರು ತಿರುಗಿ ಬಂದು ಹೇಳುತ್ತಾರೆ? ಆಗ ತಾತ್ಯಾಸಾಹೇಬ ಕಪಾಟಿನ ಹಿಂದಿನಿಂದ ಒಂದು ತಗಡಿನ ಟ್ರಂಕನ್ನು ಎಳೆದು ತಂದು, ಕಳ್ಳನಂತೆ ತಲೆ ತಗ್ಗಿಸಿ ನಿಂತರು. ಒಳಗೆ ವರ್ಷವಾರು ಕಟ್ಟಿಟ್ಟ ಕಾರ್ಡುಗಳು.

"ಬರೀಬ್ಯಾಡ ಅಂದಿದ್ದೆ," ಎಂದರು ಡಾಕ್ಟರು.

"ಹೌದ್ರಿ ಸಾಹೇಬ್ರ."

"ಮತ್ತ?"

"ಒಂದ ವರ್ಷ ಬಿಟ್ಟಿದ್ದೇರಿ. ಅವ್ವನ ಮಾತು... ಆಮ್ಯಾಲ ಜಡ್ಡಿನವರ ಹೆಸರಿಗೆ ಬರೀಲಿಲ್ಲ. ರಿಪೋರ್ಟ ಒಯ್ದವರ ಹೆಸರಿಗೆ ಬರದೆ. ಲ್ಯಾಬಿನ ವಿಳಾಸ ಹಾಕಲಿಲ್ಲ, ನಮ್ಮ ಮನೀದ ಹಾಕಿದೆ."

ಡಾಕ್ಟರು ಒಂದು ಕಾರ್ಡು ಎತ್ತಿ, ಕಣ್ಣಿಗೆ ತೀರ ಹತ್ತಿರ ಹಿಡಿದು ಓದಿದರು. 'ಯಜಮಾನರು ಮಾಘದಲ್ಲಿ ತೀರಿದರು. ಕಡೆಗೆ ತಲೆಗೆ ಏರಿತ್ತು. ನಿಮ್ಮದೇನೂ ತಪ್ಪಿಲ್ಲ.' ಇನ್ನೊಂದು ಮಮದಾಪುರದ್ದು. 'ಅಪ್ಪ ಆರಾಮ ಇದ್ದಾರೆ. ಈ ವರ್ಷ ಗೋಧಿ ಚೆನ್ನಾಗಿ ಬಂದಿದೆ.' ಓದುತ್ತ ಹೋದಂತೆ ಭಕ್ತಿ ನೆಲದ ಮೇಲೆ ಕೂತು ನಂಬರಿಗೆ ನಂಬರು ಹೊಂದಿಸತೊಡಗಿದಳು. ನೂರಾ ಹದಿನಾಲ್ಕರಲ್ಲಿ ಎಪ್ಪತ್ತೊಂದು ಮನೆಗಳ ಸುದ್ದಿ ಸಿಕ್ಕಿತು. ತಿಂಗಳ ಸಮೇತ.

*

ಬೆಳೆಯುವುದನ್ನು ಒಂದು ತುಣುಕಿನಿಂದ ತಿಳಿಯಬಹುದು. ಹಬ್ಬುವುದನ್ನು ತಿಳಿಯಲು ಜೋಡಿ ಬೇಕು: ಹುಟ್ಟಿದ ಜಾಗದ್ದೊಂದು, ಹೋಗಿ ಮನೆ ಮಾಡಿದ ಜಾಗದ್ದೊಂದು, ಒಬ್ಬರದ್ದೇ. ಇಡೀ ಕಪಾಟಿನಲ್ಲಿ ಅಂಥ ಜೋಡಿ ಮೂರು. ಎರಡರ ಎಳೆ ತೀರ ಸಣ್ಣದು. ಎರಡೂ ಕಡೆಯದು ತುಂಬಿಕೊಂಡಿರುವುದು ಒಂದೇ, ಪರಪ್ಪನವರದು.

ಇನ್ನು ಮುಂದೆ ಮನೆಯವರನ್ನು ಕೇಳಿ ಒಪ್ಪಿಗೆ ಪಡೆದ ಬ್ಲಾಕನ್ನಷ್ಟೇ ಮುಟ್ಟಬೇಕು ಎಂದು ಕಾಲೇಜಿನ ಸಮಿತಿ ಹೇಳಿದೆ. ಎರಡು ತಿಂಗಳಿಂದ ರವಿವಾರಗಳಲ್ಲಿ ತಾತ್ಯಾಸಾಹೇಬ ಭಕ್ತಿಯ ಜೊತೆ ಊರೂರು ತಿರುಗಿದ್ದಾರೆ. ಅರವತ್ತಮೂರು ಮನೆಗಳು ಸಹಿ ಹಾಕಿವೆ. ಕೌಜಲಗಿಯೊಂದನ್ನು ಅವರು ಕೊನೆಗೆ ಉಳಿಸಿಕೊಂಡಿದ್ದರು. ಶಿವವ್ವ ಬೇಡ ಎಂದರೆ ಆ ಜೋಡಿ ಮೂವತ್ತೊಂದಕ್ಕೆ ಬೆಂಕಿಗೆ ಹೋಗುತ್ತದೆ.

"ಎರಡ ಸಾವಿರದಿಂದ ಅವರಿಗೂ ಎಂಟ ಕಾರ್ಡ ಬರದೇನಿ," ಎಂದರು ಕೌಜಲಗಿಯ ಬಸ್ಸಿನಲ್ಲಿ, ಭಕ್ತಿಗೂ ನನಗೂ. "ಒಂದಕ್ಕೂ ಜವಾಬ ಬಂದಿಲ್ಲ."

ಶಿವವ್ವ ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಆಗಷ್ಟೇ ಇಳಿದಿದ್ದರು. ಕೈಯಲ್ಲಿ ಇನ್ನೂ ಹಿಟ್ಟು. ಬಾಗಿಲಲ್ಲಿ ನಿಂತವರು ಯಾರೆಂದು ಗುರುತು ಹತ್ತಿತು. ಬರ್ರಿ ಅನ್ನಲಿಲ್ಲ. ಈ ಸೀಮೆಯಲ್ಲಿ ಹಾಗೆ ಅನ್ನದಿರುವುದು ದೊಡ್ಡ ಮಾತು. ಸೊಸೆ ದಾಕ್ಷಾಯಿಣಿ ಓಡಿ ಬಂದು ಚಾಪೆ ಹಾಸಿದಳು.

"ಇಷ್ಟ ವರ್ಷ ಕಾರ್ಡ ಬರತಿದ್ದುವು," ಎಂದರು ಶಿವವ್ವ. "ಈಗ ಕಾರ್ಡಿಗೆ ಕಾಲ ಬಂದಾವೇನು?"

"ಅಕ್ಕಾರ, ತಪ್ಪ ನಂದೈತಿ," ಎಂದರು ತಾತ್ಯಾಸಾಹೇಬ, ನಿಂತೇ.

"ನಿಮ್ಮದಷ್ಟ ಅಲ್ಲ. ಮುಚ್ಚಿಟ್ಟಾಕಿ ನಾನು, ತೆಗದವರು ನೀವು. ನಡುವ ಸಿಕ್ಕವರು ಅವರು. ನಿಮ್ಮಲ್ಲಿಂದ ಬಂದ ಮ್ಯಾಲ ನಾಕ ತಿಂಗಳ ನನ್ನ ಕೂಡ ಮಾತಾಡಲಿಲ್ಲ. 'ಊರ ಡಾಕ್ಟರಗ ಗೊತ್ತು, ಗೋಕಾಕದಾಗ ಸೀಸೆ ತೊಳಿಯಾಂವಗ ಗೊತ್ತು, ನನ್ನ ಜೀವದ ಸುದ್ದಿ ನನಗ ಗೊತ್ತಿಲ್ಲ' ಅಂತ ಒಂದ ಸಲ ಅಂದರು. ಆಮ್ಯಾಲ ಬಾಯಿ ಬಿಡಲಿಲ್ಲ. ಹಂಗ ಹೋದರು."

ಭಕ್ತಿ ಸಂಶೋಧನೆಯ ಮಾತು ತೆಗೆಯಲು ಹೋದಳು. ಶಿವವ್ವ ಕೈ ಎತ್ತಿದರು. "ನೀ ಸುಮ್ಮನಿರವಾ. ಅವರ ಹೇಳಲಿ."

ತಾತ್ಯಾಸಾಹೇಬ ಹೇಳಿದರು. ಕಾಲುವೆ, ಒಡ್ಡು, ಸಲಿಕೆ ಮಣ್ಣು ಎಲ್ಲವನ್ನೂ ಹೇಳಿದರು. ಎದೆಯದೊಂದು, ಕುತ್ತಿಗೆಯದೊಂದು, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನೀರು ಎಲ್ಲಿ ಒಡ್ಡು ಒಡೆಯಿತು ಎಂದು ತಿಳಿಯಬಹುದು ಎಂದರು. ತಿಳಿಯದೆಯೂ ಹೋಗಬಹುದು ಎಂದರು. ಹೋದವರು ತಿರುಗಿ ಬರುವುದಿಲ್ಲ, ಇದ್ದವರಿಗೂ ನಾಳೆಗೇ ಔಷಧ ಆಗುವುದಿಲ್ಲ ಎಂದೂ ಹೇಳಿದರು. ಶಿವವ್ವ ಅದರಲ್ಲಿ ಎಷ್ಟು ಕೇಳಿಸಿಕೊಂಡರೋ. ಅವರು ಕೇಳಿದ್ದು ಬೇರೆ.

"ಅವರದು ಇನ್ನೂ ಐತಿ?"

"ಐತ್ರಿ."

"ನಾವು ಮಣ್ಣಾಗ ಇಟ್ಟ ಬಂದು ಒಂಬತ್ತ ವರ್ಷ ಆತು. ಎಷ್ಟ ದೊಡ್ಡದೈತಿ?"

"ಎದೀದು ಶ್ಯಾವಿಗಿ ಎಳಿ ಹಂಗ, ಉಗುರಿನಷ್ಟ ಉದ್ದ. ಕುತಗೀದು ಕಡ್ಲಿ ಬ್ಯಾಳಿ ಅಷ್ಟ."

"ಇರಬಿ, ಜಿರಳಿ ಮುಟ್ಟಿಲ್ಲ?"

"ಇಲ್ರಿ ಅಕ್ಕಾರ. ಮುಚ್ಚಿ ಇಟ್ಟೇನಿ."

ಶಿವವ್ವ ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಹಿತ್ತಲಲ್ಲಿ ಕೈ ತೊಳೆದ ಸದ್ದು, ಕೊಡದಿಂದ ನೀರು ಬಗ್ಗಿಸಿದ ಸದ್ದು. ದಾಕ್ಷಾಯಿಣಿ ಮೆಲ್ಲಗೆ, "ಅತ್ತಿ ಅಳಾಕ ಹೋಗ್ಯಾರ," ಎಂದಳು. ತಿರುಗಿ ಬಂದಾಗ ಅವರ ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಒಂದು ಬಟ್ಟೆಯ ಗಂಟು. ತಂಬಿಗೆಯನ್ನು ತಾತ್ಯಾಸಾಹೇಬರ ಮುಂದೆ ಇಟ್ಟರು.

"ಸೋಸಿ ತಂದೇನಿ. ಕುಡೀರಿ."

ಅವರು ಕುಡಿದರು. ಶಿವವ್ವ ಗಂಟು ಬಿಚ್ಚಿದರು. ಎಂಟು ಜವಾಬಿ ಕಾರ್ಡುಗಳು. ಉತ್ತರದ ಅರ್ಧ ಎಂಟೂ ಖಾಲಿ. "ಒಲಿಗೆ ಹಾಕಬೇಕಂತ ಎಷ್ಟ ಸಲ ತೆಗದೇನಿ. ಆಗಲಿಲ್ಲ. ಬರೀಬೇಕಂತ ಕುಂತರ ಅದೂ ಆಗಲಿಲ್ಲ." ಕಾರ್ಡುಗಳನ್ನು ಅವರ ಕಡೆ ಸರಿಸಿದರು. "ತಗೋರಿ. ಎರಡೂ ತುಣುಕ ತಗೋರಿ. ಆದರ ಅದರಾಗ ಏನ ಐತಿ ಅಂತ ತಿಳದ ದಿನ ನನಗ ತಿಳೀಬೇಕು. ದೊಡ್ಡ ಮಂದಿಗೆಲ್ಲಾ ತಿಳದು, ಪೇಪರಿನ್ಯಾಗ ಬಂದು, ಆಮ್ಯಾಲ ನನಗಲ್ಲ. ಮೊದಲ ನನಗ. ಒಳ್ಳೇದಿದ್ದರೂ ಬರೀರಿ, ಏನೂ ಸಿಗದಿದ್ದರೂ ಬರೀರಿ."

"ಕ್ಷಮಾ...?" ಎಂದು ಅವರು ತಡವರಿಸಿದರು.

"ಅದನ್ನ ಕೇಳಬ್ಯಾಡ್ರಿ. ಆ ಕಾರ್ಡ ಬಂದ ದಿನ ನೋಡೋಣು," ಎಂದು ಶಿವವ್ವ ಭಕ್ತಿಯ ಕಾಗದ ಇಸಕೊಂಡು, ದಾಕ್ಷಾಯಿಣಿಗೆ ಓದಿಸಿ ಕೇಳಿ, ದುಂಡನೆಯ ಅಕ್ಷರದಲ್ಲಿ ಸಹಿ ಹಾಕಿದರು. ಹೊರಟಾಗ ಹೊಸ್ತಿಲವರೆಗೆ ಬಂದು, "ಹೋಗಿ ಬರ್ರಿ," ಎಂದರು.

*

ಮರುದಿನ ಬೆಳಗಿನ ಐದೂವರೆ. ಫ್ಯಾನು ಬಂದ್, ಕಿಟಕಿ ಬಂದ್. ತಾತ್ಯಾಸಾಹೇಬ ಪರಪ್ಪನವರ ಮೊದಲ ಬ್ಲಾಕನ್ನು ಯಂತ್ರಕ್ಕೆ ಸಿಕ್ಕಿಸುತ್ತಾರೆ. ಹತ್ತು ವರ್ಷದ ಹಿಂದೆ ತಾವೇ ಹೊಚ್ಚಿದ ಮೇಣವನ್ನು ಮೊದಲ ಹಲವು ಸುತ್ತಿನಲ್ಲಿ ಬಿಡಿಸುತ್ತಾರೆ. ಒಳಗಿನ ಎಳೆ ಕಾಣುತ್ತದೆ. ಎಡಗೈಯ ತೋರುಬೆರಳಲ್ಲಿ ಇದೇ ಯಂತ್ರದ ಬ್ಲೇಡು ಬಿಟ್ಟ ಹಳೆಯ ಗಾಯದ ಗೆರೆಯಿದೆ, ಸ್ಪಿರಿಟಿನಿಂದ ಉಗುರಿನ ಸುತ್ತ ಚರ್ಮ ಬಿರಿದಿದೆ. ಚಕ್ರ ಮಾತ್ರ ಎಲ್ಲಿಯೂ ತಡೆಯುವುದಿಲ್ಲ. ಸುರುಳಿಯಾದ ಐದು ಪದರಗಳನ್ನು ಭಕ್ತಿ ಕೊಟ್ಟು ಹೋದ ಕೊಳವೆಗೆ ಇಳಿಸಿ ಮುಚ್ಚಳ ಹಾಕುತ್ತಾರೆ. ಬ್ಲೇಡು ಒರೆಸಿ, ಎರಡನೆಯ ಬ್ಲಾಕು ತೆಗೆಯುತ್ತಾರೆ. ಎರಡೂ ಮುಗಿದ ಮೇಲೆ ಕರಗಿದ ಮೇಣದಲ್ಲಿ ಒಂದೊಂದನ್ನೇ ಅದ್ದಿ, ಊದಿ, ಆರಿಸುತ್ತಾರೆ.

ನೂರಾ ಹದಿನಾಲ್ಕರಲ್ಲಿ ಒಪ್ಪಿಗೆ ಸಿಕ್ಕ ಅರವತ್ತನಾಲ್ಕು ಮನೆಗಳವು ಬೆಳಗಾವಿಗೆ ಹೋಗುತ್ತವೆ. ಉಳಿದವು ಮೂವತ್ತೊಂದಕ್ಕೆ ಮುಗಿಯುತ್ತವೆ. ಅವರ ಕೆಲಸವೂ ಅಂದೇ ಮುಗಿಯುತ್ತದೆ. ಮುಂದೇನು ಎಂದರೆ, ಊರಲ್ಲಿ ಎರಡು ಎಕರೆ ಇದೆ, ಹೆಂಡತಿ ತ್ರಿಶಲಾ ಎಮ್ಮೆ ಕಟ್ಟಿದ್ದಾಳೆ ಎನ್ನುತ್ತಾರೆ. ಭಕ್ತಿ ತನ್ನ ಪ್ರಬಂಧದ ಕೊನೆಯ ಪುಟದಲ್ಲಿ ಅವರ ಹೆಸರು ಹಾಕುತ್ತಾಳಂತೆ.

"ಹೆಸರ ಬ್ಯಾಡ ಅಂದೇನಿ. ಅದು ಇಂಗ್ಲಿಷಿನ್ಯಾಗ ಇರತೈತಿ, ಯಾರ ಓದತಾರ? ಒಂದ ಮಾತ ಕೇಳೇನಿ ಆಕಿನ್ನ. ಏನ ತಿಳದರೂ ನನಗ ಕನ್ನಡದಾಗ ಎರಡ ಸಾಲ ಬರದ ಕೊಡಬೇಕು."

ರಿಜಿಸ್ಟರಿನಲ್ಲಿ ಪರಪ್ಪನವರ ನಂಬರಿನ ಪುಟಕ್ಕೆ ಒಂದು ಕಾರ್ಡು ಸಿಕ್ಕಿಸಿದ್ದಾರೆ. ಶಿವವ್ವ ತಿರುಗಿ ಕೊಟ್ಟ ಎಂಟರಲ್ಲಿ ಒಂದರ ಉತ್ತರದ ಅರ್ಧ. ಅದರ ಮೇಲಿದ್ದ ತಮ್ಮ ವಿಳಾಸಕ್ಕೆ ಗೆರೆ ಎಳೆದು, ಕೆಳಗೆ ಕೌಜಲಗಿಯ ವಿಳಾಸ ಬರೆದಾಗಿದೆ. ಹಿಂದಿನ ಮಗ್ಗುಲು ಖಾಲಿ.

"ಎಂಟ ಸಲಾನೂ ಕ್ಷಮಾ ಅಂತನ ಬರದೇನಿ, ಅಕ್ಕಾರಿಗೆ ಅದು ಬೇಕಾಗಿರಲಿಲ್ಲ," ಎಂದು ಪುಟ ಮುಚ್ಚುತ್ತಾರೆ. "ಬೆಳಗಾವಿಯಿಂದ ಆ ಎರಡ ಸಾಲ ಬಂದು ಒಂಬತ್ತನೇದು ಬರಿಯೂತನಕ ಕೈ ನಡಗಬಾರದು ನೋಡ್ರಿ."